ದುರ್ಗ ಹತ್ತುವ ಹನಿಗಾಡಿ

ತುಮಕೂರಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರದ ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರದ ಬೆಟ್ಟ. ಭೋಗನರಸಿಂಹನ ಗುಡಿ ದಾಟಿ ಯೋಗನರಸಿಂಹನ ಕಡೆಗೆ ತಿರುವು ಸುತ್ತುತ್ತಾ ಹತ್ತುವಾಗ ಬರಿಯ ಕಾರಿಗೇ ಗೇರು ಇಳಿಸಬೇಕಾಗುತ್ತದೆ. ಆ ಕಾರಿನ ಹಿಂದೆ ಇಬ್ಬರು ಮಲಗುವ ಪುಟ್ಟ ಕೋಣೆಯನ್ನೂ ಎಳೆದೊಯ್ಯಬೇಕೆಂದರೆ ಮೊದಲು ಹಾಕಬೇಕಾದದ್ದು ರೂಪಾಯಿಯ ಲೆಕ್ಕವಲ್ಲ, ಕಿಲೋ ಲೆಕ್ಕ.

ಹನಿಯಾಕಾರದ ಇಂಥ ಕೋಣೆ, ಅಂದರೆ ಟಿಯರ್‌ಡ್ರಾಪ್ ಟ್ರೈಲರ್, 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಮುಂದೆ ಗುಂಡಗೆ, ಹಿಂದಕ್ಕೆ ಇಳಿಜಾರು; ಒಳಗೆ ಹಾಸಿಗೆಯಷ್ಟೇ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪತ್ರಿಕೆಗಳು ಅಚ್ಚುಹಾಕಿದ ನಕ್ಷೆ ನೋಡಿ ಅಲ್ಲಿನ ಜನ ಮನೆಯಂಗಳದಲ್ಲೇ ಇದನ್ನು ಕಟ್ಟಿಕೊಂಡರು. ಪ್ಲೈವುಡ್ ಹಾಳೆಯ ಅಳತೆ 8 ಅಡಿಗೆ 4 ಅಡಿ. ಗಾಡಿಯ ಅಳತೆಯೂ ಅಷ್ಟೇ ಇಟ್ಟರೆ ಎರಡು ಪಕ್ಕಕ್ಕೆ ಎರಡು ಹಾಳೆ, ನೆಲಕ್ಕೆ ಒಂದು. ಅಗಲ 5 ಅಡಿಗೆ ಏರಿಸಿದರೆ ಮೈಚಾಚಲು ಹಿತ, ಆದರೆ ನೆಲಕ್ಕೆ ಎರಡನೇ ಹಾಳೆ ಕತ್ತರಿಸಬೇಕು, ಚಾವಣಿಯಲ್ಲಿ ಜೋಡಣೆಗಳು ಹೆಚ್ಚುತ್ತವೆ.

ಹನಿಯಾಕಾರ ಗಾಳಿಯನ್ನು ಸಲೀಸಾಗಿ ಸೀಳುತ್ತದೆ, ನಿಜ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ಹೆದ್ದಾರಿಯ 60 ಕಿ.ಮೀ. ವೇಗ ಘಟ್ಟದಲ್ಲಿ 20ಕ್ಕೆ ಇಳಿದರೆ ತಡೆ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಳಿಯದಿರುವುದು ತೂಕ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ 500 ಕಿಲೋ ಟ್ರೈಲರ್ ಕಾರನ್ನು ಹಿಂದಕ್ಕೆ 50 ಕಿಲೋ ಭಾರದಷ್ಟು ಬಲದಿಂದ ಜಗ್ಗುತ್ತದೆ. ಇಳಿಯುವಾಗ ಅದೇ ಬಲ ಮುಂದಕ್ಕೆ ನೂಕುತ್ತದೆ. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೈಲರಿಗೆ 750 ಕಿಲೋ ಮಿತಿಯಿದೆ. ದುರ್ಗದ ತಿರುವುಗಳಿಗಾದರೆ 500 ಕಿಲೋಗೂ ಬ್ರೇಕ್ ಇರುವುದೇ ಲೇಸು.

ಆ 500 ಕಿಲೋ ಹಂಚಿಕೆ ನೋಡಿ. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಉಕ್ಕಿನ ಪೈಪು ಮೀಟರಿಗೆ ನಾಲ್ಕು ಕಿಲೋ ಮೀರಿ ತೂಗುತ್ತದೆ. ಚೌಕಟ್ಟಿಗೆ 18 ಮೀಟರ್ ಬೇಕೆಂದರೆ 80 ಕಿಲೋ ಹತ್ತಿರ. ಅಚ್ಚು, ಸ್ಪ್ರಿಂಗ್, ಚಕ್ರ, ಸ್ಟೆಪ್ನಿ ಸೇರಿ 110 ಎಂದಿಟ್ಟುಕೊಳ್ಳಿ. 12 ಮಿ.ಮೀ. ಪ್ಲೈವುಡ್ ಹಾಳೆ ಒಂದೇ 24 ಕಿಲೋ ಆಸುಪಾಸು. ಇಡೀ ಮೈಗೆ 115. ನಲವತ್ತು ಲೀಟರ್ ನೀರು ನಲವತ್ತು ಕಿಲೋ. 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿ 30 ಕಿಲೋ ತೂಗಿದರೆ ಲಿಥಿಯಂ ಫಾಸ್ಫೇಟ್ ಬ್ಯಾಟರಿ 12ರಲ್ಲಿ ಮುಗಿಯುತ್ತದೆ. ಹಾಸಿಗೆ, ಒಲೆ, ಪಾತ್ರೆ, ಬಟ್ಟೆಬರೆ ಸೇರುವಷ್ಟರಲ್ಲಿ ಮಿತಿ ಮುಟ್ಟಿರುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಎಂಜಿನಿಯರುಗಳಿಗೆ ಈ ಕಿಲೋ ಲೆಕ್ಕ ದಿನನಿತ್ಯದ್ದು. ಮನೆಯಲ್ಲಿ ಗಾಡಿ ಕಟ್ಟುವವರಿಗೂ ಅದೇ ಶಿಸ್ತು ಬೇಕು.

ತೂಕ ಎಷ್ಟು ಎಂಬಷ್ಟೇ ಮುಖ್ಯ, ಎಲ್ಲಿ ಎಂಬುದು. ಕುಣಿಗಲ್ ಸೀಮೆಯಲ್ಲಿ ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಜಗ್ಗುತ್ತದೆ. ಮುಂಭಾರವಾದರೆ ಹೆಗಲ ಮೇಲೆ ಕೂರುತ್ತದೆ. ಗಾಡಿ ಹೊಡೆಯುವವನು ಒಂದು ಮೂಟೆಯನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ ಹದ ಮಾಡುತ್ತಾನೆ. ಕಾರಿನ ಟ್ರೈಲರಿಗೆ ಬೇಕಾದದ್ದು ತುಸು ಮುಂಭಾರವೇ: ಒಟ್ಟು ತೂಕದ ಶೇ. 10ರಿಂದ 15, ಅಂದರೆ 50ರಿಂದ 75 ಕಿಲೋ, ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಗಾಡಿಯ ಹಿಂಬದಿ ಅತ್ತಿತ್ತ ಓಲಾಡತೊಡಗುತ್ತದೆ, ಕಾರನ್ನೂ ಓಲಾಡಿಸುತ್ತದೆ. ಅಡುಗೆಕಟ್ಟೆ ಹಿಂದೆಯೇ ಇರುವುದರಿಂದ ಈ ವಿನ್ಯಾಸ ಹುಟ್ಟಾ ಹಿಂಭಾರದ್ದು. ಹಾಗಾಗಿ ಅಚ್ಚನ್ನು ನಡುವಿಗಿಂತ ಹಿಂದಕ್ಕೆ ಸರಿಸಿ, ಬ್ಯಾಟರಿಯನ್ನು ಮುಂದಿಡುತ್ತಾರೆ. ನೀರಿನ ಟ್ಯಾಂಕಿಗೆ ಅಚ್ಚಿನ ಹತ್ತಿರವೇ ಸರಿಯಾದ ಜಾಗ. ನೀರು ಖಾಲಿಯಾದರೂ ಹದ ತಪ್ಪುವುದಿಲ್ಲ.

ಇನ್ನು ದುಡ್ಡು. ಉಕ್ಕು ಕಿಲೋ ಲೆಕ್ಕದಲ್ಲಿ, ಪ್ಲೈವುಡ್ ಚದರಡಿ ಲೆಕ್ಕದಲ್ಲಿ, ವೆಲ್ಡಿಂಗ್ ದಿನಗೂಲಿಯಲ್ಲಿ ಸಿಗುವುದರಿಂದ ನಕ್ಷೆ ಕರಾರುವಾಕ್ಕಾಗಿದ್ದರೆ ಅಂದಾಜುಪಟ್ಟಿ ಒಂದೇ ಸಂಜೆಯ ಕೆಲಸ. ಉಳಿತಾಯ ಒಳಗಿನ ಬೀರು, ದೀಪ, ಬಣ್ಣದಲ್ಲಿ ಆಗಲಿ. ಅಚ್ಚು, ಬ್ರೇಕು, ಕೊಂಡಿಗೆ ಗುಜರಿ ಅಂಗಡಿ ಹುಡುಕಬಾರದು. ಪ್ಲೈವುಡ್ ಮೇಲೆ ಐಎಸ್ 710 ಮುದ್ರೆ ಇರಲಿ. ಅದು ನೀರು ತಡೆಯುವ ಮರೀನ್ ದರ್ಜೆ. ಕೊರಕಲು ದಾರಿಗಾದರೆ ಚಕ್ರ ಕಾರಿನ ಅಳತೆಯದ್ದೇ ಆಗಿರಲಿ, ಸ್ಟೆಪ್ನಿ ಎರಡಕ್ಕೂ ಒದಗುತ್ತದೆ. ಅಂದಾಜಿನ ಮೇಲೆ ಐದನೇ ಒಂದು ಭಾಗ ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಕೊರಕಲು ದಾರಿ ಎಂದರೆ ದುರ್ಗದ ಕಾಡಿನೊಳಗೆ ನುಗ್ಗುವುದಲ್ಲ. ಅದು ಚಿರತೆ, ಕರಡಿ ಓಡಾಡುವ, ಅಪರೂಪದ ಹಳದಿ ಕೊರಳಿನ ಪಿಕಳಾರಗಳಿರುವ ಮೀಸಲು ಅರಣ್ಯ. ಅಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಸಿಗದಿದ್ದರೆ ಪರಿಚಯದ ರೈತರ ತೆಂಗಿನ ತೋಟವೇ ಒಳ್ಳೆಯ ತಾಣ.

ಕೊನೆಗೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಎಂದರೆ ಅದರಲ್ಲಿ ಟ್ರೈಲರೂ ಸೇರಿದೆ, ನೋಂದಣಿಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ಆದ್ದರಿಂದ ಮೊದಲ ಪೈಪು ಕತ್ತರಿಸುವ ಮುನ್ನ ನಕ್ಷೆ ಮತ್ತು ತೂಕದ ಪಟ್ಟಿ ಹಿಡಿದು ತುಮಕೂರಿನ ಆರ್‌ಟಿಒ ಕಚೇರಿಗೆ ಹೋಗಿ, ಯಾವ ಅನುಮೋದನೆ, ಯಾವ ಪರೀಕ್ಷೆ ಬೇಕೆಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.