ಮರಳಿ ತುಂಬುವ ನೀರು, ಮರಳಿ ಬಾರದ ಕಲ್ಲು



ಕಳೆದ ಬೇಸಿಗೆಯಲ್ಲಿ ನಮ್ಮ ಮೊಹಲ್ಲಾದ ಮಸೀದಿಯ ಬೋರ್‌ವೆಲ್ ಬತ್ತಿತು. ಜುಮಾ ದಿನ ವುಝೂ ಮಾಡಲು ಟ್ಯಾಂಕರ್ ನೀರು ತರಿಸಬೇಕಾಯಿತು. ಇನ್ನೂ ಆಳಕ್ಕೆ ಕೊರೆಸೋಣ ಎಂದು ಕೆಲವರು ಹೇಳಿದರು. ಇದ್ದ ನೀರು ಯಾಕೆ ಹೋಯಿತೆಂದು ಮೊದಲು ತಿಳಿಯೋಣ ಎಂದರು ಹಿರಿಯರೊಬ್ಬರು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ನೈಸರ್ಗಿಕ ಸಂಪನ್ಮೂಲಗಳಲ್ಲಿ ಎರಡು ಬಗೆ ಎಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಬಿಸಿಲು, ಗಾಳಿ, ನೀರು, ಕಾಡು ನವೀಕರಿಸಬಹುದಾದವು. ಕಲ್ಲಿದ್ದಲು, ಪೆಟ್ರೋಲ್, ಅದಿರು ನವೀಕರಿಸಲಾಗದವು. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಮ್ಮ ಜಿಲ್ಲೆಯಲ್ಲಿ ಕಣ್ಣುಬಿಟ್ಟು ನೋಡಿದರೆ ಈ ಗೆರೆ ಅಷ್ಟು ನೇರವಾಗಿಲ್ಲ.

ಮೊದಲು ಕಲ್ಲಿನ ಮಾತು. ಹುನಗುಂದ, ಇಳಕಲ್ ಕಡೆಯ ಕ್ವಾರಿಗಳನ್ನು ನೋಡದವರು ನಮ್ಮಲ್ಲಿ ಕಡಿಮೆ. ಅಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಭೂಮಿಯೊಳಗೆ ಕರಗಿದ್ದ ಶಿಲೆ ನಿಧಾನವಾಗಿ ತಣಿದು ಗಟ್ಟಿಯಾದದ್ದೇ ಈ ಕಲ್ಲು; ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲು ತೆಗೆದ ಹೊಂಡದಲ್ಲಿ ಮಳೆನೀರು ನಿಂತೀತು, ಇನ್ನೊಂದು ಕಲ್ಲು ಬೆಳೆಯದು. ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಸುಣ್ಣದ ಕಲ್ಲಿನದ್ದೂ ಇದೇ ಕಥೆ. ಕ್ವಾರಿ ನಿಲ್ಲಿಸಿ ಎನ್ನುವುದು ಸುಲಭ. ಆದರೆ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕೂಲಿಯಿಂದ, ಮತ್ತು ಹಾಗೆ ಹೇಳುವವರ ಮನೆಯ ನೆಲಕ್ಕೂ ಅದೇ ಕಲ್ಲು ಹಾಸಿರುತ್ತದೆ.

ಇನ್ನು ನೀರು. ಬಾದಾಮಿ ಸಮೀಪದ ಮಹಾಕೂಟಕ್ಕೆ ಹೋದವರು ಚಾಲುಕ್ಯರ ಕಾಲದ ಗುಡಿಗಳ ನಡುವೆ ಇರುವ ಕೊಳವನ್ನು ನೋಡಿರುತ್ತಾರೆ. ಅದು ತುಂಬುವುದು ಸಹಜ ಚಿಲುಮೆಯಿಂದ. ಸುತ್ತಲಿನ ಗುಡ್ಡಗಳು ಮರಳುಗಲ್ಲಿನವು. ಮಳೆನೀರು ಅವುಗಳ ಬಿರುಕುಗಳಲ್ಲಿ ಇಳಿದು, ನಿಧಾನವಾಗಿ ಸಾಗಿ, ತಗ್ಗಿನಲ್ಲಿ ಹೊರಬರುತ್ತದೆ. ಗುಡ್ಡ ಎಷ್ಟು ಕೊಟ್ಟಿತೋ ಅಷ್ಟನ್ನೇ ಅಲ್ಲಿ ಜನ ಬಳಸುತ್ತ ಬಂದರು. ಅದಕ್ಕಿಂತ ಹೆಚ್ಚು ಎಳೆದು ತೆಗೆಯುವ ದಾರಿಯೇ ಆಗ ಇರಲಿಲ್ಲ.

ಬೋರ್‌ವೆಲ್ ಈ ಲೆಕ್ಕವನ್ನು ಬದಲಿಸಿತು. ನೂರಾರು ಅಡಿ ಕೆಳಗೆ ಗಟ್ಟಿ ಬಂಡೆಯ ಸಂದುಗಳಲ್ಲಿರುವ ನೀರು ಎಷ್ಟೋ ವರ್ಷಗಳ ಮಳೆಯಿಂದ ಹನಿಹನಿಯಾಗಿ ಕೂಡಿದ್ದು. ಪಂಪು ಅದನ್ನು ಕೆಲವೇ ಬೇಸಿಗೆಗಳಲ್ಲಿ ಮೇಲೆತ್ತುತ್ತದೆ. ಮಳೆ ತುಂಬಿಸುವ ವೇಗಕ್ಕಿಂತ ನಾವು ತೆಗೆಯುವ ವೇಗ ಹೆಚ್ಚಾದರೆ ನೀರೂ ಇಳಕಲ್ಲಿನ ಕಲ್ಲಿನಂತೆ ಒಮ್ಮೆ ತೆಗೆದರೆ ಮುಗಿಯುವ ವಸ್ತುವಾಗುತ್ತದೆ. ನಮ್ಮ ಮಸೀದಿಯಲ್ಲಿ ಆದದ್ದೂ ಇದೇ.

ಆಳಕ್ಕೆ ಹೋದಷ್ಟೂ ಪಂಪಿಗೆ ಕರೆಂಟು ಹೆಚ್ಚು ಬೇಕು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಕಲ್ಲಿದ್ದಲಿನಿಂದ ಓಡುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಅದು ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡುತ್ತದೆ. ಅಂದರೆ ಮರಳಿ ಬಾರದ ಒಂದನ್ನು ಸುಟ್ಟು, ಮರಳಿ ತುಂಬಲು ಸಮಯ ಬೇಡುವ ಇನ್ನೊಂದನ್ನು ಬರಿದು ಮಾಡುತ್ತಿದ್ದೇವೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಬಡ ರೈತನಿಗೆ ಅದು ಆಸರೆ, ನಿಜ. ಆದರೆ ಬಿಲ್ಲು ಬಾರದ ಕಡೆ ಸ್ವಿಚ್ಚು ಆರಿಸುವ ನೆನಪೂ ಬಾರದು.

ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸಬಹುದು. ಹೊಗೆಯಿಲ್ಲ, ಬೂದಿಯಿಲ್ಲ, ಮಳೆಗಾಲ ಬಂದರೆ ನದಿ ಮತ್ತೆ ತುಂಬುತ್ತದೆ. ಆದರೂ ಅದು ಪುಕ್ಕಟೆ ಬಂದದ್ದಲ್ಲ. ಅದರ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು. ನವನಗರಕ್ಕೆ ಬಂದ ಕುಟುಂಬಗಳ ಹಿರಿಯರನ್ನು ಕೇಳಿ ನೋಡಿ, ಬಿಟ್ಟುಬಂದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಇಂದಿಗೂ ಹೇಳುತ್ತಾರೆ. ನದಿ ತರುವ ಹೂಳು ಜಲಾಶಯದ ತಳದಲ್ಲಿ ಕೂಡುತ್ತ ಹೋಗುತ್ತದೆ, ಅದೂ ಇದೆ.

ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಮಸೀದಿಯ ಮಾಳಿಗೆಯಲ್ಲಿ ಸೋಲಾರ್ ಫಲಕ ಹಾಕಿಸುವುದು ಒಳ್ಳೆಯದೇ. ಆದರೆ ಬತ್ತಿದ ಬೋರ್‌ವೆಲ್‌ಗೆ ಸೋಲಾರ್ ಪಂಪು ಕೂರಿಸಿದರೆ ನೀರು ಬರುವುದಿಲ್ಲ.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಅದು ಒಂದು ಲೀಟರ್‌ಗೂ ಮೀರದ ಅಳತೆ. ನಮ್ಮ ನಲ್ಲಿ ತೆರೆದಿಟ್ಟರೆ ಒಂದೇ ನಿಮಿಷದಲ್ಲಿ ಅದರ ಎಷ್ಟೋ ಪಟ್ಟು ಹರಿದುಹೋಗುತ್ತದೆ. ನಾವು ನಲ್ಲಿಗಳನ್ನು ಸಣ್ಣ ಧಾರೆಯವಕ್ಕೆ ಬದಲಿಸಿದೆವು. ವುಝೂ ನೀರು ಈಗ ಅಂಗಳದ ಬೇವಿನ ಮರಕ್ಕೆ ಹೋಗುತ್ತದೆ. ಮಾಳಿಗೆಯ ಮಳೆನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ ಮತ್ತು ಮರಳು ತುಂಬಿದ ಗುಂಡಿಯಲ್ಲಿ ಸೋಸಿ, ಹಳೆಯ ಬೋರ್‌ವೆಲ್ ಬದಿಯಲ್ಲಿ ಇಂಗಿಸುತ್ತಿದ್ದೇವೆ. 1000 ಚದರಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ನಿಮ್ಮ ಮನೆಯ ಮಾಳಿಗೆ ಎಷ್ಟು ಚದರಡಿ ಇದೆ, ಈ ಮಳೆಗಾಲಕ್ಕೆ ಮುಂಚೆ ಅಳೆದು ನೋಡಿ.