ವಾಟ್ಸಾಪ್ ಬಳಗ ಕಟ್ಟುವ ಮುನ್ನ

ಕಳೆದ ಮಳೆಗಾಲದ ಒಂದು ಶನಿವಾರ ನಮ್ಮ ಧರ್ಮಕೇಂದ್ರದಲ್ಲಿ ಹಿರಿಯ ತಾಯಿಯೊಬ್ಬರ ಶವಸಂಸ್ಕಾರವಿತ್ತು. ಸಂಜೆ ನಾಲ್ಕು ಗಂಟೆಗೆಂದು ಬೆಳಗಿನ ಬಲಿಪೂಜೆಯಲ್ಲಿ ಪ್ರಕಟಿಸಿದ್ದೆವು. ಕುವೈತಿನಿಂದ ಬರಬೇಕಾಗಿದ್ದ ಮಗ ನಿರೀಕ್ಷೆಗಿಂತ ಮೊದಲೇ ತಲುಪಿದ, ಮಳೆಯೂ ಬಲವಾಗುವಂತಿತ್ತು. ಮನೆಯವರ ಕೋರಿಕೆಯ ಮೇರೆಗೆ ಸಮಯವನ್ನು ಎರಡು ಗಂಟೆಗೆ ಬದಲಾಯಿಸಿ, ವಾರ್ಡಿನ ವಾಟ್ಸಾಪ್ ಬಳಗಕ್ಕೆ ಎರಡು ಸಾಲು ಕಳುಹಿಸಿ, ಕರ್ತವ್ಯ ಮುಗಿಯಿತೆಂದು ಭಾವಿಸಿದೆವು. ಸಮಾಧಿಗೆ ಮಣ್ಣು ಹಾಕಿ ಜನರು ಚದುರಿದ ಬಳಿಕ, ಮೂರೂವರೆಯ ಹೊತ್ತಿಗೆ, ಮೃತರ ಬಾಲ್ಯದ ಗೆಳತಿಯೊಬ್ಬರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೇವಂತಿಗೆ ಹಿಡಿದು ಇಗರ್ಜಿಯ ಮೆಟ್ಟಿಲೇರಿ ಬಂದರು.

"ಇನ್ನೂ ಅರ್ಧ ಗಂಟೆ ಉಂಟಲ್ಲ ಫಾದರ್, ಬಾಗಿಲು ಯಾಕೆ ಹಾಕಿದ್ದು?"

"ಮೆಸೇಜ್ ಹಾಕಿದ್ದೆವಲ್ಲ ಅಮ್ಮ" ಎನ್ನಲು ಹೊರಟವರು, ಅವರ ಚೀಲದಿಂದ ಇಣುಕುತ್ತಿದ್ದ ಕೀಪ್ಯಾಡ್ ಮೊಬೈಲನ್ನು ಕಂಡು ಸುಮ್ಮನಾದೆವು.

ತಪ್ಪು ಸಂಪೂರ್ಣವಾಗಿ ನಮ್ಮದು. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಮಧ್ಯಯುಗದ ಆಚಾರ್ಯರ ಒಂದು ಸೂತ್ರವನ್ನು ಬಾಯಿಪಾಠ ಮಾಡಿದ್ದೆವು: ಯಾವುದೇ ವಸ್ತು ಅದನ್ನು ಪಡೆಯುವವನ ಶಕ್ತಿಗೆ ತಕ್ಕಂತೆಯೇ ಪಡೆಯಲ್ಪಡುತ್ತದೆ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ಪಡೆದೆವು. ಅದರ ಅರ್ಥ ತಿಳಿಯಲು ಮೂವತ್ತು ವರ್ಷ ಕಳೆದು, ಒಂದು ಕೀಪ್ಯಾಡ್ ಮೊಬೈಲ್ ಎದುರಾಗಬೇಕಾಯಿತು.

ಈಗ ಕುಟುಂಬಕ್ಕೊಂದು, ವಾರ್ಡಿಗೊಂದು, ಗಾಯನವೃಂದಕ್ಕೊಂದು ಬಳಗವಿದೆ. ಹೊಸದಾಗಿ ಆರಂಭಿಸಲು ಹೊರಟವರು ನಮ್ಮಲ್ಲಿಗೂ ಬಂದು ವಿಚಾರಿಸುವುದುಂಟು. ಜಾನ್ ಕೂಮ್ ಮತ್ತು ಬ್ರಿಯಾನ್ ಆಕ್ಟನ್ ಎಂಬಿಬ್ಬರು ಅಮೆರಿಕದಲ್ಲಿ 2009ರಲ್ಲಿ ಹುಟ್ಟುಹಾಕಿ, 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ವಾಟ್ಸಾಪ್ ನಮ್ಮ ಮನೆಗಳಲ್ಲಿ ಇಷ್ಟು ಬೇಗ ನೆಲೆಯೂರಲು ಒಂದು ಕಾರಣ, ಅದು ಮೊಬೈಲಿನ ಜಾತಿ ಕೇಳದಿರುವುದು. ಆಪಲ್ ಕಂಪೆನಿಯ ಸ್ವಂತ ಸಂದೇಶ ವ್ಯವಸ್ಥೆ ಆಪಲ್ ಸಾಧನಗಳ ನಡುವೆ ಮಾತ್ರ ನಡೆಯುತ್ತದೆ. ವಾಟ್ಸಾಪಿನಲ್ಲಾದರೋ ಮಗನ ಐಫೋನಿಗೂ ಅಪ್ಪನ ಅಗ್ಗದ ಆಂಡ್ರಾಯ್ಡಿಗೂ ಭೇದವಿಲ್ಲ. ಆದರೂ ಈ ಸಮಾನತೆಗೆ ಒಂದು ಹೊಸ್ತಿಲಿದೆ. ಸ್ಮಾರ್ಟ್‌ಫೋನ್ ಇಲ್ಲದವರು ಅದರ ಹೊರಗೇ ಉಳಿಯುತ್ತಾರೆ. 2018ರಲ್ಲಿ ಜಿಯೋಫೋನಿನಂಥ ಗುಂಡಿಯ ಮೊಬೈಲಿಗೂ ವಾಟ್ಸಾಪ್ ಬಂದಿತ್ತು. 2024ರಲ್ಲಿ ಅವುಗಳಿಗೆ ಹೊಸದಾಗಿ ಇಳಿಸಿಕೊಳ್ಳುವ ಸೌಲಭ್ಯವನ್ನು ಹಿಂತೆಗೆಯಲಾಯಿತು. ಹಳೆಯ ಆಂಡ್ರಾಯ್ಡ್ ಮತ್ತು ಹಳೆಯ ಐಫೋನುಗಳೂ ಕಾಲಕಾಲಕ್ಕೆ ಹೀಗೆಯೇ ಹೊರಬೀಳುತ್ತವೆ.

ಆದುದರಿಂದ ಮೊಬೈಲನ್ನು ಮುಟ್ಟುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿರಿ. ಬಳಗಕ್ಕೆ ಸೇರಬೇಕಾದ ಎಲ್ಲರ ಹೆಸರನ್ನೂ ಬರೆದು, ಪ್ರತಿಯೊಬ್ಬರ ಮುಂದೆ ಆಂಡ್ರಾಯ್ಡ್, ಐಫೋನ್, ಕೀಪ್ಯಾಡ್, ಏನೂ ಇಲ್ಲ ಎಂದು ಗುರುತು ಹಾಕಿರಿ. ಕೊನೆಯ ಎರಡು ಗುರುತಿನವರ ಮುಂದೆ ಇನ್ನೊಂದು ಹೆಸರು ಬೀಳಲೇಬೇಕು: ಬಂದ ಸುದ್ದಿಯನ್ನು ಅವರಿಗೆ ಕರೆಮಾಡಿಯೋ ಬಾಗಿಲಿಗೆ ಹೋಗಿಯೋ ತಿಳಿಸುವವರ ಹೆಸರು. "ಯಾರಾದರೂ ಹೇಳುತ್ತಾರೆ" ಎಂದು ಬಿಟ್ಟರೆ ಯಾರೂ ಹೇಳುವುದಿಲ್ಲ. ಇದು ಅನುಭವದ ಮಾತು.

ಇನ್ನು ಅಳವಡಿಕೆಯ ವಿಚಾರ. ಆಂಡ್ರಾಯ್ಡಿನವರು ಪ್ಲೇ ಸ್ಟೋರಿನಿಂದಲೂ ಐಫೋನಿನವರು ಆಪ್ ಸ್ಟೋರಿನಿಂದಲೂ ವಾಟ್ಸಾಪನ್ನು ಇಳಿಸಿಕೊಂಡು ತಮ್ಮ ಮೊಬೈಲ್ ಸಂಖ್ಯೆಯನ್ನು ಕೊಟ್ಟಾಗ ಆರು ಅಂಕೆಗಳ ಒಂದು ಸಂಕೇತ ಬರುತ್ತದೆ. ಅದನ್ನು ಕೇಳಿ ಯಾರೇ ಕರೆಮಾಡಲಿ, ನಿಮ್ಮ ಧರ್ಮಗುರುಗಳ ಹೆಸರನ್ನೇ ಹೇಳಲಿ, ಕೊಡಬೇಡಿರಿ. ಕೊಟ್ಟ ಮರುಕ್ಷಣದಲ್ಲಿ ನಿಮ್ಮ ಖಾತೆ ಅವರ ಕೈಸೇರಿ, ನಿಮ್ಮ ಹೆಸರಿನಲ್ಲಿ ನಿಮ್ಮ ಬಂಧುಗಳಿಂದಲೇ ಹಣ ಬೇಡಲು ಅವರಿಗೆ ದಾರಿಯಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ತೆರೆದು ಸ್ವಂತ ಗುಪ್ತಸಂಖ್ಯೆಯೊಂದನ್ನು ಇಟ್ಟುಕೊಳ್ಳುವುದು ಕ್ಷೇಮ.

ಬಳಗ ಆರಂಭಿಸುವ ಜಾಗ ಎರಡು ಬಗೆಯ ಮೊಬೈಲಿನಲ್ಲಿ ಬೇರೆ ಬೇರೆ. ಆಂಡ್ರಾಯ್ಡಿನಲ್ಲಿ ಮೇಲಿನ ಮೂರು ಚುಕ್ಕೆಗಳನ್ನು ಒತ್ತಿದರೆ 'ನ್ಯೂ ಗ್ರೂಪ್' ಕಾಣುತ್ತದೆ. ಐಫೋನಿನಲ್ಲಿ ಚಾಟ್ಸ್ ಪುಟದ ಕೂಡಿಸುವ ಚಿಹ್ನೆಯನ್ನು ಒತ್ತಬೇಕು. ಊರಿನ ಅಣ್ಣ "ಮೂರು ಚುಕ್ಕೆ ಒತ್ತು" ಎಂದು ಕೂಗುವುದು, ಕುವೈತಿನ ತಮ್ಮ "ಚುಕ್ಕೆಯೇ ಇಲ್ಲ ಮಾರಾಯ" ಎಂದು ಸಿಡುಕುವುದು, ಇಂಥ ಒಂದು ಜಗಳಕ್ಕೆ ನಾವೇ ಸಾಕ್ಷಿಯಾಗಿದ್ದೇವೆ. ವಿದೇಶದಲ್ಲಿರುವವರ ಸಂಖ್ಯೆಯನ್ನು ದೇಶದ ಸಂಕೇತದೊಡನೆ ಬರೆದಿಟ್ಟುಕೊಳ್ಳಬೇಕು, ಕುವೈತಿಗೆ +965. ಅವರೂ ನಮ್ಮ ಸಂಖ್ಯೆಗಳನ್ನು +91ರಿಂದ ಆರಂಭಿಸಿ ಉಳಿಸಿಕೊಳ್ಳಲಿ. ಇಲ್ಲದಿದ್ದರೆ ಸ್ವಂತ ಅಣ್ಣನೂ ಪಟ್ಟಿಯಲ್ಲಿ ಕಾಣಿಸದೆ ಹೋದಾನು. ನಮ್ಮ ಗಡಿಯಾರ ಕುವೈತಿಗಿಂತ ಎರಡೂವರೆ ಗಂಟೆ ಮುಂದಿದೆ. ಇಲ್ಲಿ ಬೆಳಗಿನ ಐದೂವರೆಗೆ ಕಳುಹಿಸುವ ಹೂವಿನ ಚಿತ್ರ ಅಲ್ಲಿ ರಾತ್ರಿ ಮೂರಕ್ಕೆ ಸದ್ದು ಮಾಡುತ್ತದೆ.

ಬಳಗದ ಸದಸ್ಯರ ದೂರವಾಣಿ ಸಂಖ್ಯೆ ಇತರ ಸದಸ್ಯರಿಗೂ ಕಾಣುವುದುಂಟು. ತರುಣಿಯರಿರುವ ಮನೆಯವರು ಇದನ್ನು ಗಮನಿಸಬೇಕು. ಒಪ್ಪಿಗೆ ಕೇಳದೆ ಯಾರನ್ನೂ ಸೇರಿಸುವುದು ಸಭ್ಯತೆಯಲ್ಲ. ತಮ್ಮನ್ನು ಬಳಗಕ್ಕೆ ಯಾರು ಸೇರಿಸಬಹುದೆಂದು ತಾವೇ ನಿಗದಿಪಡಿಸುವ ಅವಕಾಶ 2019ರಿಂದ ಇದೆ. ನಿರ್ವಾಹಕರು ಇಬ್ಬರಾದರೂ ಇರಲಿ. ಮರಣವಾರ್ತೆ, ಪೂಜಾ ಸಮಯ ಮೊದಲಾದವುಗಳಿಗೆ ನಿರ್ವಾಹಕರು ಮಾತ್ರ ಬರೆಯಬಲ್ಲ ಒಂದು ಬಳಗವನ್ನೂ ಹರಟೆಗೆ ಬೇರೊಂದನ್ನೂ ಇಟ್ಟರೆ, ಮರಣವಾರ್ತೆ ಹಲಸಿನ ಹಪ್ಪಳದ ಜಾಹೀರಾತಿನಡಿ ಹೂತುಹೋಗುವುದಿಲ್ಲ.

ಕಣ್ಣು ಮಂಜಾದ ಹಿರಿಯರಿಗೆ, ಮತ್ತು ಕೊಂಕಣಿ ಆಡಬಲ್ಲರಾದರೂ ಕನ್ನಡ ಲಿಪಿ ಓದಲಾರದ ಗಲ್ಫ್‌ನ ಮೊಮ್ಮಕ್ಕಳಿಗೆ, ಧ್ವನಿಸಂದೇಶದಂಥ ಉಪಕಾರಿ ಮತ್ತೊಂದಿಲ್ಲ. ಮೈಕಿನ ಚಿತ್ರವನ್ನು ಒತ್ತಿ ಹಿಡಿದು ಮಾತನಾಡಿ ಬೆರಳು ತೆಗೆದರಾಯಿತು. ಕಡಿಮೆ ಸ್ಥಳಾವಕಾಶದ ಮೊಬೈಲಿನಲ್ಲಿ ಚಿತ್ರಗಳು ತಾವಾಗಿಯೇ ಇಳಿಯುವುದನ್ನು ತಡೆದಿಡಿರಿ. ಅಜ್ಜನ ಮೊಬೈಲ್ ತುಂಬಿಹೋಗುವುದು ಹೆಚ್ಚಾಗಿ ಇದರಿಂದಲೇ.

ಗಲ್ಫ್‌ನಿಂದ ಊರಿಗೆ ಮರಳುವವರಿಗೆ ಒಂದು ಮಾತು. ಅಲ್ಲಿನ ಸಿಮ್ಮನ್ನು ಬಿಟ್ಟುಬಿಡುವ ಮೊದಲೇ 'ಚೇಂಜ್ ನಂಬರ್' ಮೂಲಕ ಇಲ್ಲಿನ ಸಂಖ್ಯೆಗೆ ಬದಲಾಯಿಸಿಕೊಳ್ಳಿರಿ; ಬಿಟ್ಟ ಸಂಖ್ಯೆ ಮುಂದೊಂದು ದಿನ ಅಪರಿಚಿತರ ಪಾಲಾದೀತು. ಆಂಡ್ರಾಯ್ಡಿನಿಂದ ಐಫೋನಿಗೆ ಹೋಗುವವರು ಹಳೆಯದನ್ನು ಮಾರುವ ಮುನ್ನ ಎರಡನ್ನೂ ಎದುರಿಗಿಟ್ಟು ಸಂದೇಶಗಳನ್ನು ವರ್ಗಾಯಿಸಿಕೊಳ್ಳಬೇಕು. ಗೂಗಲ್ ಖಾತೆಯಲ್ಲಿರುವ ಪ್ರತಿಯನ್ನು ಐಫೋನು ನೇರವಾಗಿ ಓದಲಾರದು. ತೀರಿಹೋದ ತಂದೆಯ ಧ್ವನಿ ಹೀಗೆ ಕಳೆದುಹೋಯಿತೆಂದು ಅತ್ತವರನ್ನು ನಾವು ಕಂಡಿದ್ದೇವೆ.

ಆ ಶನಿವಾರದ ಮರುದಿನ ಆ ಹಿರಿಯರ ಮನೆಗೆ ಹೋದೆವು. ಅವರು ಗದರಲಿಲ್ಲ. ಕಾಫಿ ಕೊಟ್ಟು, ಯಾವ ಗೀತೆ ಹಾಡಿದಿರಿ, ಅವಳಿಗೆ ಯಾವ ಸೀರೆ ಉಡಿಸಿದ್ದರು ಎಂದು ಒಂದೊಂದಾಗಿ ಕೇಳಿದರು. ಸೀರೆಯ ಬಣ್ಣ ನಮಗೆ ನೆನಪಿರಲಿಲ್ಲ. ನಮ್ಮ ಕಚೇರಿಯ ಗೋಡೆಯ ಮೇಲೆ ಈಗ ಹದಿನಾಲ್ಕು ಹೆಸರುಗಳ ಹಾಳೆಯೊಂದು ಅಂಟಿಕೊಂಡಿದೆ. ಅವರ ಹೆಸರು ಮೊದಲನೆಯದು. ಅದರ ಮುಂದೆ ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿಯ ಹೆಸರಿದೆ.