ಚರ್ಮಕ್ಕೆ ಕೊಡುವ ‘ಕರೆಂಟು’

ಕೋಲಾರದ ಕಡೆ ರೇಡಿಯೋಥೆರಪಿ ಅನ್ನುವವರು ಕಡಿಮೆ, ‘ಕರೆಂಟು ಕೊಡೋದು’ ಅನ್ನುವವರೇ ಹೆಚ್ಚು. ಆ ಮಾತಿನೊಳಗೇ ಹೆದರಿಕೆಯೂ ಇದೆ: ಮೈ ಸುಡುತ್ತದೆ, ಅದು ಕೊನೆಗಾಲದ ಚಿಕಿತ್ಸೆ ಎಂದು. ಚರ್ಮದ ಕ್ಯಾನ್ಸರಿನ ಮಟ್ಟಿಗಂತೂ ಈ ಭಯ ಬಿಡಬೇಕು. ಎಕ್ಸ್‌ರೇ ಕಂಡುಹಿಡಿದ ನಾಲ್ಕೇ ವರ್ಷಕ್ಕೆ, 1899ರಲ್ಲಿ, ಸ್ವೀಡನ್ನಿನ ವೈದ್ಯರು ಆ ಕಿರಣದಿಂದ ಗುಣಪಡಿಸಿದ್ದು ಚರ್ಮದ ಕ್ಯಾನ್ಸರನ್ನೇ.

ಹೊಗೆಸೊಪ್ಪು ತರುವ ಬಾಯಿ ಕ್ಯಾನ್ಸರು ನಮ್ಮ ಜಿಲ್ಲೆಗೆ ಗೊತ್ತು. ಚರ್ಮದ್ದು ಅಪರೂಪ, ಹಾಗಾಗಿಯೇ ಅನುಮಾನ ಬರುವುದಿಲ್ಲ. ಒಲೆಯ ಬೆಂಕಿಗೆ ಸುಟ್ಟ ಹಳೆಯ ಕಲೆ ಇಪ್ಪತ್ತು ಮೂವತ್ತು ವರ್ಷದ ಮೇಲೆ ಒಡೆದು ಹುಣ್ಣಾಗಬಹುದು. ಲಂಗದ ಲಾಡಿ ಬಿಗಿದು ಬಿಗಿದು ಸೊಂಟದಲ್ಲಿ ಕಪ್ಪಾದ ಜಾಗ ಮಾಯದ ಗಾಯವಾಗಬಹುದು. ಎರಡೂ ಕ್ಯಾನ್ಸರಾಗಿರಬಹುದು. ಅರಿಶಿನ ಮೆತ್ತಿಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ ನಮ್ಮ ಹೆಂಗಸರು. ಚೂರು ಚರ್ಮ ತೆಗೆದು ಬಯಾಪ್ಸಿ ಮಾಡಿಸದೆ ಇದು ಖಚಿತವಾಗುವ ಕಾಯಿಲೆಯಲ್ಲ.

ಇಂಥ ಕ್ಯಾನ್ಸರಿಗೆ ಮೊದಲ ಮದ್ದು ಆಪರೇಷನ್ನೇ. ಪೂರ್ತಿ ತೆಗೆಯಲಾಗದಿದ್ದರೆ, ಹತ್ತಿರದ ಗ್ರಂಥಿಗಳಿಗೆ ಹರಡಿದ್ದರೆ, ವಯಸ್ಸಾದ ಮೈ ಆಪರೇಷನ್ ತಡೆಯದಿದ್ದರೆ ಕರೆಂಟು ಬೇಕಾಗುತ್ತದೆ. ವೈದ್ಯರು 1972ರಲ್ಲಷ್ಟೇ ಗುರುತಿಸಿದ ಮರ್ಕೆಲ್ ಕೋಶದ ಚರ್ಮ ಕ್ಯಾನ್ಸರು ಬಲು ಬೇಗ ಹರಡುವಂಥದ್ದು, ಆದರೆ ಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ.

ಕರೆಂಟು ಕೊಡುವ ಯಂತ್ರದ ಕೆಲಸ ನೋಡಿದರೆ ಬೆರಗಾಗುತ್ತದೆ. ಲೀನಿಯರ್ ಆಕ್ಸಿಲರೇಟರ್ ಎಂಬ ಈ ಯಂತ್ರದ ಎಕ್ಸ್‌ರೇ ಚರ್ಮವನ್ನು ಉಳಿಸಿ ಒಳಗೆ ಹೋಗಿ ಬಲ ತೋರಿಸುತ್ತದೆ. ರೋಗ ಚರ್ಮದಲ್ಲೇ ಇದ್ದಾಗ? ಹುಣ್ಣಿನ ಮೇಲೆ ಬೋಲಸ್ ಎಂಬ ಜೆಲ್ ಹಾಳೆ ಹಾಸುತ್ತಾರೆ. ಎಳನೀರಿನ ಗಂಜಿಯಂತೆ ಮೆತ್ತಗೆ, ಸುಮಾರು ಅರ್ಧ ಸೆಂಟಿಮೀಟರ್ ದಪ್ಪ. ಕಿರಣ ಅದನ್ನೇ ಚರ್ಮವೆಂದುಕೊಂಡು ದಾಟಿ, ನಿಜವಾದ ಚರ್ಮದ ಮೇಲೆ ಪೂರ್ತಿ ಬಲ ಬಿಡುತ್ತದೆ. ಎಲೆಕ್ಟ್ರಾನ್ ಕಿರಣವಾದರೆ ಕೆಲವೇ ಸೆಂಟಿಮೀಟರಿನಲ್ಲಿ ಅದರ ಕಸುವು ಮುಗಿಯುತ್ತದೆ, ಕೆಳಗಿನ ಅಂಗಗಳಿಗೆ ಅಪಾಯ ಕಡಿಮೆ. ಕೊಡುವಾಗ ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಆಮೇಲೆ ಆ ಜಾಗ ಕೆಂಪಾಗಿ, ಸಿಪ್ಪೆ ಎದ್ದು, ವಾರಗಳಲ್ಲಿ ಮಾಯುತ್ತದೆ.

ಕಷ್ಟವೆಲ್ಲ ದಿನಗಳದ್ದು. ವಾರಕ್ಕೆ ಐದು ದಿನ, ಎಷ್ಟೋ ಸಲ ಐದಾರು ವಾರ. 1973ರಿಂದ ಬಡವರ ಆಸರೆಯಾಗಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮುಳಬಾಗಿಲಿನಿಂದ ಹೋಗಬೇಕೆಂದರೆ ನೂರು ಕಿಲೋಮೀಟರ್ ಹತ್ತಿರ. ಹುಣ್ಣು ಒಣಗಿತೆಂದು, ಕೂಲಿ ತಪ್ಪಿತೆಂದು ನಡುವೆ ಬಿಟ್ಟವರಲ್ಲಿ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಹಾಗಾಗಿ ಮೊದಲ ದಿನವೇ ಡಾಕ್ಟರನ್ನು ಕೇಳಿ: ಒಟ್ಟು ಎಷ್ಟು ಕರೆಂಟು, ಉಳಿಯಲು ಧರ್ಮಶಾಲೆ ಸಿಗುತ್ತದೆಯೇ, ಬಿಪಿಎಲ್ ಕಾರ್ಡಿಗೆ ಖರ್ಚು ಎಷ್ಟು ಕಳೆಯುತ್ತದೆ. ಕಿರಣ ಬೀಳಬೇಕಾದ ಜಾಗ ಗುರುತಿಸಲು ಚರ್ಮದ ಮೇಲೆ ಬರೆದ ಶಾಯಿಯ ಗೆರೆಗಳು ಕೊನೆಯ ದಿನದವರೆಗೂ ಉಳಿಯಬೇಕು, ಅಲ್ಲಿಯವರೆಗೆ ಆ ಜಾಗವನ್ನು ಸೋಪು ಹಾಕಿ ಉಜ್ಜಬೇಡಿ.